ಹಸುವಿನ ಕಾಯಿಲೆಗೆ ಕಾರಣ ಹುಡುಕುತ್ತೇವೆ, ನಮ್ಮ ಕೆಮ್ಮಿಗೆ?

ಹಸುವಿಗೆ ಕೆಚ್ಚಲು ಬಾವು ಬಂದರೆ ನಾವು ಸುಮ್ಮನೆ ಕೂರುವುದಿಲ್ಲ. ಕೊಟ್ಟಿಗೆ ಒದ್ದೆಯಿತ್ತೇ, ಹಾಲು ಪೂರ್ತಿ ಕರೆಯಲಿಲ್ಲವೇ ಎಂದು ಕಾರಣ ಹುಡುಕುತ್ತೇವೆ. ನಮಗೇ ವರ್ಷಗಟ್ಟಲೆ ಕೆಮ್ಮು, ಕಫ, ದಮ್ಮು ಇದ್ದರೆ ಮಾತ್ರ ‘ವಯಸ್ಸಾಯ್ತು’, ‘ಮಳೆಗಾಲದ ಶೀತ’ ಎಂದು ಒಂದು ಬಾಟಲಿ ಸಿರಪ್ ತಂದು ಮುಗಿಸುತ್ತೇವೆ. ಇದು ಸರಿಯಲ್ಲ, ಸಹೋದರಿಯರೇ.

ಬೀಡಿ ಸೇದದ ಹೆಂಗಸರ ಶ್ವಾಸಕೋಶ ಕೆಟ್ಟಾಗ ನಮ್ಮ ಶಿಕಾರಿಪುರ, ಸೊರಬದ ಕಡೆ ಎರಡು ಕಾರಣಗಳನ್ನು ಮರೆಯದೆ ನೋಡಬೇಕು.

ಮೊದಲನೆಯದು ಒಲೆಯ ಹೊಗೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಆ ಜಿಲ್ಲೆಯ ಹಳ್ಳಿ ಹೆಂಗಸರ ಬಗ್ಗೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಲಭದ ಲೆಕ್ಕವೊಂದಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ, ಬೆರಣಿಯ ಒಲೆಯಲ್ಲಿ ಅಡುಗೆ ಮಾಡುತ್ತೀರಿ, ಎಷ್ಟು ವರ್ಷದಿಂದ ಮಾಡುತ್ತೀರಿ, ಎರಡನ್ನೂ ಗುಣಿಸಿ. ಉತ್ತರ 60 ದಾಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಹೆಚ್ಚು. ದಿನಕ್ಕೆ 3 ಗಂಟೆಯಾದರೆ 20 ವರ್ಷಕ್ಕೇ 60 ಆಯಿತು. ಗ್ಯಾಸ್ ಬಂದ ಮೇಲೂ ಬಚ್ಚಲ ಒಲೆ, ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕುವ ಹೊಗೆ ಎಷ್ಟೋ ಮನೆಗಳಲ್ಲಿ ನಿಂತಿಲ್ಲ.

ಎರಡನೆಯದು ಬೂಷ್ಟು ಹಿಡಿದ ಹುಲ್ಲು. ಮಳೆಗೆ ನೆನೆದ ಬಣವೆ ಒಳಗೇ ಬಿಸಿಯಾಗಿ ಬೂಷ್ಟು ಕಟ್ಟುತ್ತದೆ. ಅದನ್ನು ಕೊಡವಿದಾಗ ಏಳುವ ದೂಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ನಾಲ್ಕರಿಂದ ಎಂಟು ಗಂಟೆಯ ನಂತರ ಚಳಿ, ಜ್ವರ, ಕೆಮ್ಮು ಬರುತ್ತದೆ; ನಾವು ಶೀತಜ್ವರ ಅಂದುಕೊಳ್ಳುತ್ತೇವೆ. ಇದಕ್ಕೆ ‘ಫಾರ್ಮರ್ಸ್ ಲಂಗ್’ ಎಂಬ ಹೆಸರೇ ಇದೆ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ಗಡುಸಾಗಿ ಮತ್ತೆ ಮೊದಲಿನಂತಾಗದು. ತವರಿಗೆ ಹೋದಾಗ ಕೆಮ್ಮು ತಗ್ಗಿ, ಮರಳಿ ಕೊಟ್ಟಿಗೆ ಕೆಲಸ ಹಿಡಿದೊಡನೆ ಹೆಚ್ಚಾದರೆ ಅದೇ ದೊಡ್ಡ ಸುಳಿವು.

ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಹೊಗೆಯಿಂದ ಕೆಟ್ಟ ಉಸಿರಿಗೆ ಇನ್ಹೇಲರ್ ನೆರವಾಗಬಹುದು. ಹುಲ್ಲಿನ ದೂಳಿನಿಂದ ಬಂದ ಕಾಯಿಲೆಗೆ ದೂಳಿನಿಂದ ದೂರವಿರುವುದೇ ಮೊದಲ ಔಷಧ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ, ಮೊದಲು ಅದನ್ನು ಮಾಡಿಸಿ. ಕ್ಷಯ ಇಲ್ಲವೆಂದಾದರೆ ಅಲ್ಲಿಗೇ ನಿಲ್ಲಿಸಬೇಡಿ. ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಕೇಳಿ. ವೈದ್ಯರು ಕೇಳದಿದ್ದರೂ ಒಲೆ, ಕೊಟ್ಟಿಗೆ, ಹುಲ್ಲಿನ ವಿಷಯ ನೀವೇ ಹೇಳಿ.

ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಬಣವೆ ಹಾಕಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಮಾಸ್ಕ್ ಹಾಕಿ ಕೊಡವಿ. ಸಗಣಿಯಂತೂ ನಮ್ಮಲ್ಲೇ ಇದೆ. ಬೆರಣಿಯ ಬದಲು ಗೋಬರ್ ಗ್ಯಾಸ್ ಆಗಲಿ.

ಸಂಘದ ಸಭೆಯಲ್ಲಿ ಜಾನುವಾರು ಶಿಬಿರ ಕೇಳುವ ನಾವು, ಈ ಸಲ ಹಾಲು ಕರೆಯುವವರ ಉಸಿರಿನ ಪರೀಕ್ಷೆಗೂ ಒಂದು ಶಿಬಿರ ಕೇಳೋಣ.