ಮೇಲಿನ ಬಾಟಲಿ ಪಾಸಾದರೆ ಸಾಕೇ?

ಆಸ್ಪತ್ರೆಯಲ್ಲಿ ಹಾಕುವ ಗ್ಲೂಕೋಸ್ ಬಾಟಲಿ ಶುದ್ಧವಾಗಿದೆ ಅಂತ ನಮಗೆ ಹೇಗೆ ಗೊತ್ತು? ‘ಕಂಪೆನಿಯವರು ಟೆಸ್ಟ್ ಮಾಡಿಯೇ ಕಳಿಸ್ತಾರಲ್ಲ’ ಅಂತ ಹೇಳುತ್ತೇವೆ. ಆದರೆ ಟೆಸ್ಟ್ ಮಾಡಬೇಕಾದರೆ ಬಾಟಲಿ ತೆರೆಯಬೇಕು. ತೆರೆದದ್ದನ್ನು ರೋಗಿಗೆ ಹಾಕುವ ಹಾಗಿಲ್ಲ. ಹಾಗಾಗಿ ಟೆಸ್ಟ್ ಆಗುವುದು ಕೆಲವು ಬಾಟಲಿ ಮಾತ್ರ. ಉಳಿದದ್ದೆಲ್ಲ ನಂಬಿಕೆ.

ಆ ನಂಬಿಕೆ 1972ರಲ್ಲಿ ಇಂಗ್ಲೆಂಡಿನಲ್ಲಿ ಮುರಿದು ಬಿತ್ತು. ಪ್ಲಿಮತ್ ನಗರದ ಡೆವೊನ್‌ಪೋರ್ಟ್ ಆಸ್ಪತ್ರೆಯಲ್ಲಿ ಕೆಟ್ಟ ಗ್ಲೂಕೋಸ್ ಬಾಟಲಿಗಳನ್ನು ಹಾಕಿಸಿಕೊಂಡಿದ್ದ ರೋಗಿಗಳು ಸತ್ತರು. ತನಿಖೆಯಲ್ಲಿ ಕಾರಣ ಹೊರಬಂತು. ಬಾಟಲಿಗಳನ್ನು ಹಬೆಯಲ್ಲಿ ಕಾಯಿಸುವ ಆಟೋಕ್ಲೇವ್ ಯಂತ್ರದೊಳಗೆ ಗಾಳಿ ಉಳಿದು, ಕೆಳಗಿನ ಸಾಲಿಗೆ ಬಿಸಿ ತಾಗಿರಲಿಲ್ಲ. ಮೀಟರ್ ಅದನ್ನು ತೋರಿಸಿತ್ತು. ಕೆಲಸಗಾರರು ಮೀಟರೇ ಹಾಳಾಗಿದೆ ಅಂದುಕೊಂಡರು. ಟೆಸ್ಟಿಗೆ ತೆಗೆದ ಬಾಟಲಿಗಳು ಮಾತ್ರ ಪಾಸಾದವು!

ಮದುವೆ ಮನೆಯಲ್ಲಿ ಮೇಲಿನ ಒಂದು ಸೌಟು ಅನ್ನ ನೋಡಿ, ಅಡಿಯ ಮಾಂಸವೂ ಬೆಂದಿದೆ ಅಂತ ಬಿರಿಯಾನಿ ಬಡಿಸಿದರೆ ಹೇಗಿರುತ್ತದೆ? ಹಾಗೆಯೇ ಇದು.

ಇಂಥ ಕಡೆ ಬೇಕಾದದ್ದು ‘ವ್ಯಾಲಿಡೇಶನ್’. ಅಂದರೆ ತಯಾರಾದ ವಸ್ತುವನ್ನು ಮಾತ್ರ ನೋಡುವುದಲ್ಲ, ತಯಾರಿಸುವ ಕ್ರಮವೇ ಸರಿ ಅಂತ ಮೊದಲೇ ಸಾಬೀತು ಮಾಡುವುದು. ಯಂತ್ರವನ್ನು ಸರಿಯಾಗಿ ಕೂರಿಸಿದ್ದಾರಾ? ಹೇಳಿದಷ್ಟು ಬಿಸಿ ಒಳಗಿನ ಮೂಲೆ ಮೂಲೆಗೂ ತಲುಪುತ್ತದಾ? ನಿಜವಾದ ಸರಕು ತುಂಬಿಸಿ ಓಡಿಸಿದಾಗ ಪ್ರತಿ ಸಲವೂ ಅದೇ ಫಲಿತಾಂಶ ಬರುತ್ತದಾ? ಈ ಮೂರೂ ದಾಖಲೆಯಲ್ಲಿ ಇರಬೇಕು. ಯಂತ್ರವೋ ಕ್ರಮವೋ ಬದಲಾದರೆ ಪುನಃ ಪರೀಕ್ಷೆ. ತಯಾರಾದ ಮೇಲೆ ಪರೀಕ್ಷಿಸಿ ತಿಳಿಯಲಾಗದ ಕೆಲಸಗಳಿಗೆ ಐಎಸ್‌ಒ 9001 ಕೂಡ ಇದನ್ನೇ ಕೇಳುತ್ತದೆ.

ನಮ್ಮ ದೇಶದಲ್ಲಿ ಔಷಧ ಕಾರ್ಖಾನೆಗಳ ನಿಯಮವಾದ ‘ಶೆಡ್ಯೂಲ್ ಎಂ’ ಅನ್ನು 2023ರ ಕೊನೆಯಲ್ಲಿ ಬಿಗಿ ಮಾಡಲಾಯಿತು. ಸಣ್ಣ ಕಾರ್ಖಾನೆಗಳು ಖರ್ಚು ಜಾಸ್ತಿ ಅಂತ ಸಮಯ ಕೇಳಿದವು, 2025ರ ಕೊನೆಯವರೆಗೆ ಸಮಯ ಸಿಕ್ಕಿತು. ಅವರ ಕಷ್ಟ ಸುಳ್ಳಲ್ಲ. ಸಾಲವೋ ಸಹಾಯಧನವೋ ಸರಕಾರ ಕೊಡಲಿ. ಆದರೆ ನಿಯಮ ಸಡಿಲ ಮಾಡುವುದು ಬೇಡ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ತೀರಿಕೊಂಡಾಗ ಸಂಶಯ ಹೋದದ್ದು ಇಂಥದೇ ಡ್ರಿಪ್ ಬಾಟಲಿಗಳ ಮೇಲೆ. ತಾಯಿ ಇಲ್ಲದ ಮಗುವಿನ ಮುಂದೆ ಖರ್ಚಿನ ಲೆಕ್ಕ ಹೇಳಲು ಯಾರಿಗೆ ಬಾಯಿ ಬರುತ್ತದೆ?

ನಮ್ಮ ಎಷ್ಟೋ ಮಕ್ಕಳು ಇವತ್ತು ಬೈಕಂಪಾಡಿಯಿಂದ ಗಲ್ಫ್ ತನಕ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ‘ಕ್ವಾಲಿಟಿ’ ವಿಭಾಗದಲ್ಲೂ ಇದ್ದಾರೆ. ಫೋನ್ ಮಾಡಿದಾಗ ಸಂಬಳ ಎಷ್ಟು ಅಂತ ಕೇಳುವ ನಾವು ಇದನ್ನೂ ಹೇಳಬೇಕು: ನೋಡದೆ ಸಹಿ ಹಾಕಬೇಡ ಮೋನೆ. ಮೀಟರ್ ತಪ್ಪು ತೋರಿಸಿದರೆ ಮೊದಲು ಕೆಲಸ ನಿಲ್ಲಿಸು, ಮೀಟರ್ ಹಾಳಾಗಿದೆಯಾ ಅಂತ ಆಮೇಲೆ ನೋಡು. ಮೇಲಿನವರು ಬೈದರೆ ಬೈಯಲಿ. ಆ ಬಾಟಲಿ ಯಾರ ಮನೆಯವರ ಕೈಗೆ ಏರುತ್ತದೋ, ಅವರಿಗೆ ನಿನ್ನ ಸಹಿ ಬಿಟ್ಟರೆ ಬೇರೆ ಗ್ಯಾರಂಟಿ ಇಲ್ಲ.