ಸೂಜಿಯೋ, ಚೀಲವೋ?

ಮೂತ್ರಪಿಂಡಗಳು ಕೈಬಿಟ್ಟಾಗ ರಕ್ತಶುದ್ಧಿಗೆ ಎರಡು ದಾರಿಗಳುಂಟು. ಒಂದು ಆಸ್ಪತ್ರೆಯ ಯಂತ್ರ: ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ. ಇನ್ನೊಂದು, ಹೊಟ್ಟೆಗಿಟ್ಟ ನಳಿಕೆಯಿಂದ ಮನೆಯಲ್ಲೇ ಚೀಲದ ದ್ರವವನ್ನು ತುಂಬಿ ತೆಗೆಯುವುದು: ಸಾಮಾನ್ಯವಾಗಿ ದಿನಕ್ಕೆ 4 ಸಲ, ಸಲಕ್ಕೆ ಅರ್ಧ ಗಂಟೆಯಷ್ಟು. ಮೊದಲನೆಯದಕ್ಕೆ ಕೈಯ ರಕ್ತನಾಳಗಳನ್ನು ಜೋಡಿಸಿ, ಅದು ಬಲಿಯಲು ವಾರಗಟ್ಟಲೆ ಕಾಯಬೇಕು. ಎರಡನೆಯದರಲ್ಲಿ ಶುಚಿ ತಪ್ಪಿದರೆ ಹೊಟ್ಟೆಯೊಳಗೆ ಸೋಂಕಾಗುವ ಭಯ.

ನಮ್ಮ ಮನೆಯವರಿಗೆ ಎರಡೂ ಆದೀತೆಂದು ವೈದ್ಯರು ಹೇಳಿದ್ದೇ ತಡ, ನರೋಡಾದ ಕನ್ನಡ ಬಳಗವೆಲ್ಲ ಸಲಹೆಗಾರರಾದರು! 1977ರಲ್ಲಿ ಕೆನಡಾದಿಂದ ಮರಳಿದ ಡಾ. ಎಚ್. ಎಲ್. ತ್ರಿವೇದಿಯವರು ಕಟ್ಟಿ ಬೆಳೆಸಿದ ಕಿಡ್ನಿ ಸಂಸ್ಥೆ ಅಸಾರವಾದಲ್ಲೇ ಇರುವಾಗ ಯಂತ್ರವೇ ಸರಿಯೆಂದರು ಕೆಲವರು. ರಜೆಯ ಲೆಕ್ಕ ಬಲ್ಲ ಗುಮಾಸ್ತರಾದ ನಮಗೆ ಮನೆಯ ಪದ್ಧತಿ ಹಿತವೆನಿಸಿತು. ಎಲ್ಲವನ್ನೂ ಕೇಳಿದ ಮನೆಯವರು, "ಇರುವುದು ಎರಡೇ ಕೋಣೆ. ದಿನವೂ ಮಕ್ಕಳೆದುರು ರೋಗಿಯಾಗಿರಲಾರೆ. ವಾರಕ್ಕೆ ಮೂರು ದಿನ ರೋಗಿ, ನಾಲ್ಕು ದಿನ ತಾಯಿ; ಅಷ್ಟಾದರೆ ಸಾಕು" ಎಂದರು. ಯಂತ್ರವೇ ಗೊತ್ತಾಯಿತು.

ಆಸ್ಪತ್ರೆ ದೂರವಿರುವವರಿಗೆ, ನೌಕರಿ ಬಿಡಲಾಗದವರಿಗೆ ಚೀಲವೇ ಲೇಸಾಗಬಹುದು. ಮುಂದೆ ವೈದ್ಯರ ಒಪ್ಪಿಗೆಯಿಂದ ದಾರಿ ಬದಲಿಸಲೂಬಹುದು. ಆದರೆ ಸೂಜಿ ಚುಚ್ಚುವುದು, ನಳಿಕೆ ಇಡುವುದು ಯಾರ ಮೈಗೋ, ಆಯ್ಕೆಯ ಮಾತೂ ಅವರದೇ.

ಹಾಗಾದರೆ ಜೊತೆಯವರ ಕೆಲಸವೇನು? ಪರನಾಡಿನ ನಮಗೆ ಒಂದು ಕೆಲಸ ಹೆಚ್ಚೇ ಇದೆ. ವೈದ್ಯರು ಗುಜರಾತಿಯಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ತಿಳಿಸಬೇಕು. ನಡುವೆ ನಮ್ಮ ಇಷ್ಟವನ್ನು ಬೆರೆಸಬಾರದು. ಎರಡನೆಯದೇ ಕಷ್ಟ, ಬಂಧುಗಳೇ.