ಹಳೆಯ ಡ್ರಿಫ್ಟ್ ಕಾರಿಗೆ ಹೊಸ ಬೆಲೆ: ಹವ್ಯಾಸಿಯ ಕೈತಪ್ಪುತ್ತಿರುವ ಆಟ

ಒಂದು ಕಾಲಕ್ಕೆ ಜಪಾನಿನ ಯುವ ಮೆಕ್ಯಾನಿಕ್‌ಗಳು ತಮ್ಮ ಸಂಬಳದ ಉಳಿತಾಯದಲ್ಲೇ ಕೊಳ್ಳಬಹುದಾಗಿದ್ದ ಹಳೆಯ ಕಾರುಗಳು ಇಂದು ಸಿರಿವಂತ ಸಂಗ್ರಾಹಕರ ಸೊತ್ತಾಗುತ್ತಿವೆ. ನಿಸಾನ್ ಸಿಲ್ವಿಯಾ, ಟೊಯೋಟಾ ಎಇ86, ಮಜ್ದಾ ಆರ್‌ಎಕ್ಸ್-7 ಮುಂತಾದ ಈ ಕಾರುಗಳ ಬೆಲೆ ಏರಿಕೆಗೆ ಅಭಿಮಾನವೊಂದೇ ಕಾರಣವಲ್ಲ. ಕಾಯ್ದೆ, ಕೊರತೆ ಮತ್ತು ಚಲನಚಿತ್ರಗಳ ಪ್ರಭಾವ ಇದರ ಹಿಂದಿದೆ. ಆದರೆ ಏರಿದ ಬೆಲೆಯ ಹೊರೆಯನ್ನು ಹೊರುತ್ತಿರುವವನು ಕಾರನ್ನು ಓಡಿಸಲೆಂದೇ ಕೊಳ್ಳುವ ಸಾಮಾನ್ಯ ಹವ್ಯಾಸಿ.

ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತವನ್ನು ಬೇಕೆಂದೇ ತಪ್ಪಿಸಿ, ಕಾರನ್ನು ಓರೆಯಾಗಿ ಜಾರಿಸುತ್ತಲೇ ನಿಯಂತ್ರಿಸುವುದು ಡ್ರಿಫ್ಟಿಂಗ್. ರೇಸ್ ಚಾಲಕ ಕುನಿಮಿತ್ಸು ತಕಹಾಶಿ ಅವರ ಶೈಲಿಯಿಂದ ಪ್ರೇರಿತರಾದ ಕೇಯಿಚಿ ತ್ಸುಚಿಯಾ ಇದನ್ನು ಜಪಾನಿನ ಘಟ್ಟದ ರಸ್ತೆಗಳಲ್ಲಿ ಜನಪ್ರಿಯಗೊಳಿಸಿದರು. 1995ರಲ್ಲಿ ಆರಂಭವಾದ 'ಇನಿಷಿಯಲ್ ಡಿ' ಚಿತ್ರಕಥಾ ಸರಣಿ ಎಇ86 ಕಾರನ್ನು ಮನೆಮಾತಾಗಿಸಿತು. ಅಮೆರಿಕದಲ್ಲಿ 2004ರಲ್ಲಿ ಫಾರ್ಮುಲಾ ಡ್ರಿಫ್ಟ್ ಸರಣಿಯ ಮೊದಲ ಋತು ನಡೆಯಿತು. ಹಿಂಬದಿ ಚಕ್ರ ಚಾಲನೆ, ಕೈಯಿಂದ ಬದಲಿಸುವ ಗೇರ್, ಕಡಿಮೆ ತೂಕ ಎಂಬ ಮೂರು ಗುಣಗಳಿದ್ದ ಅಗ್ಗದ ಕಾರುಗಳಿಗೆ ಅಲ್ಲಿಂದ ಬೇಡಿಕೆ ಕುದುರಿತು.

ಕಾಯ್ದೆ ಕಟ್ಟಿದ ಮಾರುಕಟ್ಟೆ

ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ಹೊಂದದ ವಿದೇಶಿ ಕಾರು ತಯಾರಾಗಿ 25 ವರ್ಷ ತುಂಬುವವರೆಗೆ ಅಲ್ಲಿಗೆ ಸುಲಭವಾಗಿ ಪ್ರವೇಶ ಪಡೆಯದು. ಇದಕ್ಕೆ ಬುನಾದಿ 1988ರಲ್ಲಿ ಅಂಗೀಕಾರವಾದ ಕಾನೂನು. ಕೆನಡಾದಲ್ಲಿ ಈ ಮಿತಿ 15 ವರ್ಷ. ಹೀಗಾಗಿ ಯಾವ ಮಾದರಿಗೆ ಯಾವ ವರ್ಷ ಬೇಡಿಕೆ ಬರುವುದೆಂದು ವ್ಯಾಪಾರಿಗಳು ಮುಂಚಿತವಾಗಿಯೇ ಲೆಕ್ಕ ಹಾಕಬಲ್ಲರು. 1999ರಲ್ಲಿ ಬಿಡುಗಡೆಯಾದ ಸಿಲ್ವಿಯಾ ಎಸ್15 ಮತ್ತು ಸ್ಕೈಲೈನ್ ಆರ್34 ಜಿಟಿ-ಆರ್ ಕಾರುಗಳಿಗೆ 2024ರಲ್ಲಿ ಅಮೆರಿಕದ ಬಾಗಿಲು ತೆರೆಯಿತು. ಇವೆರಡರ ಜೊತೆಗೆ ಆರ್‌ಎಕ್ಸ್-7ರ ತಯಾರಿಕೆಯೂ 2002ರಲ್ಲೇ ನಿಂತಿತ್ತು. ಪೂರೈಕೆ ಹೆಚ್ಚುವ ಸಾಧ್ಯತೆಯಿಲ್ಲ. ಗಿರಾಕಿಗಳು ಮಾತ್ರ ಹೆಚ್ಚುತ್ತಿದ್ದಾರೆ.

ಇತ್ತ ಜಪಾನಿನಲ್ಲಿ ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ಕಡ್ಡಾಯ ತಪಾಸಣೆಯ ವೆಚ್ಚವಿದೆ. 13 ವರ್ಷ ಮೀರಿದ ಪೆಟ್ರೋಲ್ ಕಾರಿಗೆ ವಾಹನ ತೆರಿಗೆಯೂ ಹೆಚ್ಚು. ಹಳೆಯ ಕಾರುಗಳು ಹಡಗು ಹತ್ತಲು ಇದೂ ಒಂದು ಕಾರಣ. ಇದಲ್ಲದೆ ಡ್ರಿಫ್ಟ್ ಆಟವೇ ಕಾರುಗಳನ್ನು ನುಂಗುತ್ತದೆ. ಗೋಡೆಗೆ ಬಡಿದು ನುಜ್ಜುಗುಜ್ಜಾದಷ್ಟೂ ಉಳಿದವುಗಳ ಬೆಲೆ ಏರುತ್ತದೆ. ಹವ್ಯಾಸಿಗಳು ಇದನ್ನು 'ಡ್ರಿಫ್ಟ್ ತೆರಿಗೆ' ಎಂದು ವ್ಯಂಗ್ಯವಾಗಿ ಕರೆಯುತ್ತಾರೆ.

ಚಿತ್ರರಂಗದ ನಂಟಂತೂ ಬೆಲೆಯನ್ನು ಊಹೆಗೂ ಮೀರಿ ಎತ್ತಬಲ್ಲದು. ನಟ ಪಾಲ್ ವಾಕರ್ 2009ರ 'ಫಾಸ್ಟ್ ಅಂಡ್ ಫ್ಯೂರಿಯಸ್' ಚಿತ್ರದಲ್ಲಿ ಓಡಿಸಿದ್ದ ಸ್ಕೈಲೈನ್ ಆರ್34, 2023ರ ಹರಾಜಿನಲ್ಲಿ 13 ಲಕ್ಷ ಡಾಲರಿಗೂ ಹೆಚ್ಚು ಮೊತ್ತಕ್ಕೆ ಮಾರಾಟವಾಯಿತು.

ಮಾರ್ಪಾಡು: ಲಾಭವೋ ನಷ್ಟವೋ?

ಸಾಮಾನ್ಯ ಕಾರನ್ನು ಡ್ರಿಫ್ಟ್‌ಗೆ ಸಜ್ಜುಗೊಳಿಸುವುದು ದುಬಾರಿ ಕೆಲಸ. ಹಿಂದಿನ ಎರಡೂ ಚಕ್ರಗಳು ಒಟ್ಟಾಗಿ ತಿರುಗುವಂತೆ ಮಾಡುವ ಡಿಫರೆನ್ಷಿಯಲ್, ಮುಂಚಕ್ರಗಳನ್ನು ಹೆಚ್ಚು ಕೋನಕ್ಕೆ ತಿರುಗಿಸುವ ಸ್ಟೀರಿಂಗ್ ಭಾಗಗಳು, ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್, ಗಡುಸಾದ ಸಸ್ಪೆನ್ಷನ್, ಚಾಲಕನ ರಕ್ಷಣೆಗೆ ಉಕ್ಕಿನ ರೋಲ್ ಕೇಜ್ ಬೇಕು. ವಿಪರ್ಯಾಸವೆಂದರೆ ಇದಕ್ಕೆ ಸುರಿದ ಹಣ ಮಾರುವಾಗ ಪೂರ್ತಿಯಾಗಿ ಮರಳುವುದು ಅಪರೂಪ. ಸಂಗ್ರಾಹಕರು ಬಯಸುವುದು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲೇ ಉಳಿದ ಕಾರನ್ನು. ಆದ್ದರಿಂದಲೇ ಅನುಭವಿಗಳು ಕಾರಿನ ಮೂಲ ಭಾಗಗಳನ್ನು ಜೋಪಾನವಾಗಿಟ್ಟು, ಮಾರುವ ಮುನ್ನ ಮರಳಿ ಜೋಡಿಸುತ್ತಾರೆ.

ಕಾನೂನಿನ ತೊಡಕೂ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 21 ವರ್ಷ ಮೀರಿದ ಕಾರಿಗೆ ನೀಡುವ ವಿನಾಯಿತಿ, ಕಾರು ಮೂಲ ಸ್ವರೂಪದಲ್ಲಿದ್ದರೆ ಮಾತ್ರ ಅನ್ವಯ. ಎಂಜಿನ್ನನ್ನೇ ಬದಲಿಸಿದ ಕಾರು 25 ವರ್ಷ ದಾಟಿದ್ದರೂ ಬಂದರಿನಲ್ಲಿ ಸಿಕ್ಕಿಬೀಳಬಹುದು.

ಕೊಳ್ಳುವವನು ಎದುರಿಸುವ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಹೊಳೆಯುವ ಬಣ್ಣದಡಿ ತುಕ್ಕು ಹಿಡಿದ ತಳವಿರಬಹುದು. ಅಪಘಾತದಲ್ಲಿ ಚೌಕಟ್ಟು ಬಾಗಿರಬಹುದು. ಜಪಾನಿನ ಹರಾಜು ಕಟ್ಟೆಗಳಲ್ಲಿ ಪ್ರತಿ ಕಾರಿಗೂ ಪರಿಶೀಲನಾ ಪತ್ರ, ದರ್ಜೆ ಇರುತ್ತವೆ. ರಿಪೇರಿಯಾದ ಕಾರಿಗೆ 'ಆರ್' ಎಂಬ ಗುರುತು ಬೀಳುತ್ತದೆ. ಆದರೆ ಕಾರು ಎರಡು ಮೂರು ಕೈ ಬದಲಾದ ಮೇಲೆ ಆ ಪತ್ರವನ್ನು ಕೇಳುವವರೂ ಇಲ್ಲ, ತೋರಿಸುವವರೂ ಇಲ್ಲ ಎಂಬಂತಾಗುತ್ತದೆ. ಬೆಲೆ ಏರಿದಷ್ಟೂ ದೋಷ ಮುಚ್ಚಿಡುವ ಆಮಿಷವೂ ಏರುತ್ತದೆ. ಮೊದಲ ಹೊಡೆತಕ್ಕೇ ಕಳಚಿಬೀಳುವ ಬೆಸುಗೆಯ ರೋಲ್ ಕೇಜ್ ಬರೀ ಹಣದ ಮೋಸವಲ್ಲ, ಪ್ರಾಣದ ಪ್ರಶ್ನೆ.

ಭಾರತದಲ್ಲಿ ದಾರಿಯಿಲ್ಲ

ಭಾರತದ ಉತ್ಸಾಹಿಗಳಿಗೆ ಈ ಮಾರುಕಟ್ಟೆ ದೂರದ ಬೆಟ್ಟ. ಮೂರು ವರ್ಷ ಮೀರಿದ ಬಳಸಿದ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಹೀಗಾಗಿ ಬೆಂಗಳೂರಿನ ಉತ್ಸಾಹಿಯೊಬ್ಬ ಇಂತಹ ಕಾರು ಕೊಳ್ಳಲು ಹೊರಟರೆ ಮೊದಲು ಪರಿಶೀಲಿಸಬೇಕಾದದ್ದು ಎಂಜಿನ್ನನ್ನಲ್ಲ, ದಾಖಲೆಗಳನ್ನು.

ತಯಾರಕರು ಈ ಹಳೆಯ ಕಾರುಗಳ ಮೌಲ್ಯವನ್ನು ತಡವಾಗಿಯಾದರೂ ಗುರುತಿಸಿದ್ದಾರೆ. ನಿಸಾನ್ 2017ರಿಂದ ಸ್ಕೈಲೈನ್ ಜಿಟಿ-ಆರ್‌ಗೆ, ಟೊಯೋಟಾ ಅನಂತರ ಎಇ86ಕ್ಕೆ ಕೆಲವು ಬಿಡಿಭಾಗಗಳನ್ನು ಮತ್ತೆ ಪೂರೈಸಲು ಮುಂದಾದವು. ಇದು ಸ್ವಾಗತಾರ್ಹ. ಆದರೆ ಬಿಡಿಭಾಗ ಸಿಕ್ಕ ಮಾತ್ರಕ್ಕೆ ಕ್ರೀಡೆ ಉಳಿಯದು. ಜಾರಲೆಂದೇ ಸಜ್ಜಾದ ಕಾರು ಹೊದಿಕೆಯಡಿ ನಿಂತು ಬಂಡವಾಳವಾದರೆ, ಕಲಿಯಬಯಸುವ ಹುಡುಗನಿಗೆ ಉಳಿಯುವುದು ತುಕ್ಕು ಹಿಡಿದ, ದಾಖಲೆಯಿಲ್ಲದ ಕಾರುಗಳಷ್ಟೇ. ಮಾರುವವನು ಕಾರಿನ ಪೂರ್ವಾಪರವನ್ನು ಪ್ರಾಮಾಣಿಕವಾಗಿ ತಿಳಿಸುವುದು, ಕೊಳ್ಳುವವನು ಬಣ್ಣಕ್ಕೆ ಮರುಳಾಗದೆ ಚೌಕಟ್ಟನ್ನೂ ಕಾಗದವನ್ನೂ ಪರೀಕ್ಷಿಸುವುದು ಈ ಹವ್ಯಾಸದ ಉಳಿವಿಗೆ ಅತ್ಯಗತ್ಯ.